404 ಪುಟ ಕಾಣಿಸುತ್ತದೆ, ಆದರೂ ಅಳಿಸಿದ ಪುಟಗಳು ಗೂಗಲ್‌ನಲ್ಲಿ ಯಾಕೆ ಉಳಿದಿವೆ?

ಅಪಾಚೆ ಸರ್ವರ್‌ನಲ್ಲಿ (ಸೈಟಿನ ಪುಟಗಳನ್ನು ಕಳಿಸುವ ತಂತ್ರಾಂಶ) ನಿಮ್ಮದೇ 404 ಪುಟ, ಅಂದರೆ "ಪುಟ ಇಲ್ಲ" ಅಂತ ಹೇಳುವ ಪುಟ ಹಾಕಿದ್ದೀರಿ, ಅದು ಕಾಣಿಸುತ್ತಲೂ ಇದೆ, ಆದರೆ ಅಳಿಸಿದ ಪುಟಗಳು ಗೂಗಲ್‌ನಿಂದ ಹೋಗುತ್ತಿಲ್ಲ ಅಂದಿದ್ದೀರಿ. ತಪ್ಪಾದಾಗ ಯಾವ ಪುಟ ತೋರಿಸಬೇಕು ಅಂತ ಅಪಾಚೆಗೆ ಹೇಳುವ, ನೀವು ಕೊಟ್ಟಿರುವ ಎರರ್‌ಡಾಕ್ಯುಮೆಂಟ್ (ErrorDocument) ಸಾಲಿನಲ್ಲೇ ಕಾರಣ ಇದೆ.

ಆ ಸಾಲಿನಲ್ಲಿ 404 ಆದ ಮೇಲೆ ಎಚ್‌ಟಿಟಿಪಿಎಸ್‌ನಿಂದ (https) ಶುರುವಾಗುವ ಪೂರ್ತಿ ವಿಳಾಸ ಬರೆದಿದ್ದೀರಿ, ಅಲ್ವಾ? ಹಾಗೆ ಬರೆದರೆ ಅಪಾಚೆ "ಪುಟ ಇಲ್ಲ" ಅನ್ನುವುದೇ ಇಲ್ಲ. "ಈ ವಿಳಾಸಕ್ಕೆ ಹೋಗು" ಅಂತ ಬೇರೆಡೆಗೆ ಕಳಿಸುವ 302 ಕೋಡ್ ಕೊಟ್ಟು ಕಳಿಸುತ್ತದೆ. ಅಲ್ಲಿಗೆ ಹೋದರೆ ನಿಮ್ಮ ಪುಟ 200 ಕೋಡ್ ("ಎಲ್ಲ ಸರಿ") ಜೊತೆ ಸಿಗುತ್ತದೆ. ನೋಡುವವರ ಕಣ್ಣಿಗೆ ಎಲ್ಲ ಸರಿಯಾಗಿಯೇ ಇರುತ್ತದೆ. ಗೂಗಲ್‌ಗೆ ಮಾತ್ರ ಆ ಪುಟ ಹೋಗಿದೆ ಅನ್ನುವ ಸುದ್ದಿ ಮುಟ್ಟುವುದಿಲ್ಲ. ನಾನು ನೋಡಿಕೊಳ್ಳುತ್ತಿದ್ದ ಒಂದು ಶಾಲೆಯ ಸೈಟಿನಲ್ಲಿ ಇದೇ ಆಗಿತ್ತು. ತೆಗೆದುಹಾಕಿದ ಹಳೇ ಪ್ರವೇಶದ ಪುಟ ಹುಡುಕಾಟದಲ್ಲಿ ಬರುತ್ತಲೇ ಇತ್ತು. ಪಾಲಕರು ಅದನ್ನೇ ಒತ್ತಿ, ಅರ್ಜಿ ಸಿಗದೆ ಫೋನ್ ಮಾಡುತ್ತಿದ್ದರು.

ಸರಿಮಾಡುವುದು ಸುಲಭ. ಎಚ್‌ಟಿಟಿಪಿಎಸ್, ಡೊಮೇನ್ ಹೆಸರು ಎರಡನ್ನೂ ತೆಗೆದು, ಒಂದು ಸ್ಲ್ಯಾಶ್ (/) ಹಾಕಿ ಫೈಲ್ ಹೆಸರಷ್ಟೇ ಬರೆಯಿರಿ. ಆಮೇಲೆ ಬ್ರೌಸರ್ ನಂಬಬೇಡಿ. ಟರ್ಮಿನಲ್‌ನಲ್ಲಿ ಕರ್ಲ್ (curl) ಅನ್ನುವ ಆಜ್ಞೆಗೆ ಮೈನಸ್ ದೊಡ್ಡಕ್ಷರದ ಐ (-I) ಕೊಟ್ಟು, ನಿಮ್ಮ ಸೈಟಿನಲ್ಲಿ ಇಲ್ಲದ ಒಂದು ವಿಳಾಸ ಕೇಳಿ. ಮೊದಲ ಸಾಲಿನಲ್ಲೇ 404 ಇರಬೇಕು. ಎರರ್‌ಡಾಕ್ಯುಮೆಂಟ್ ಸಾಲನ್ನು ಎಚ್‌ಟಿಆಕ್ಸೆಸ್ (.htaccess) ಅನ್ನುವ, ಫೋಲ್ಡರ್‌ನಲ್ಲಿಡುವ ಸೆಟ್ಟಿಂಗ್ ಫೈಲಿನಲ್ಲಿ ಹಾಕಿದ್ದರೆ, ಅಪಾಚೆಯ ಮುಖ್ಯ ಸೆಟ್ಟಿಂಗ್‌ನ ಅಲೋಓವರ್‌ರೈಡ್ (AllowOverride) ಸಾಲಿನಲ್ಲಿ ಫೈಲ್‌ಇನ್ಫೋಗೆ (FileInfo) ಅನುಮತಿ ಇರಬೇಕು.

ಅಪಾಚೆ ಬಿಟ್ಟು ಎಂಜಿನ್‌ಎಕ್ಸ್ (nginx) ಅನ್ನುವ ಇನ್ನೊಂದು ಸರ್ವರ್‌ಗೆ ಹೋದರೂ ಇದು ನೆನಪಿರಲಿ. ಅಲ್ಲಿ ಇದೇ ಕೆಲಸದ ಎರರ್_ಪೇಜ್ (error_page) ಸಾಲಿನಲ್ಲಿ 404 ಆದ ಮೇಲೆ ಸಮ ಚಿಹ್ನೆ ಹಾಕಿ 200 ಅಂತ ಬರೆದರೆ ಕೋಡ್ 200 ಆಗಿಬಿಡುತ್ತದೆ. ಸುಮ್ನೆ ಎಲ್ಲಿಂದಲೋ ನಕಲು ಮಾಡಿದಾಗ ಹೀಗಾಗುವುದೇ ಜಾಸ್ತಿ.

ಸಾಲು ಸರಿಯಾದ ಮೇಲೆ ಪುಟದ ಬಣ್ಣ, ಚಿತ್ರ ಮಾಯವಾದರೆ ಗಾಬರಿ ಬೇಡ. ಈಗ ಬ್ರೌಸರ್‌ನಲ್ಲಿ ಬಳಕೆದಾರ ಕೇಳಿದ ವಿಳಾಸವೇ ಉಳಿಯುತ್ತದೆ. ಅದು ಎರಡು ಫೋಲ್ಡರ್ ಒಳಗಿನದಾದರೆ, ಬ್ರೌಸರ್ ಪುಟದ ಅಂದ ಹೇಳುವ ಸಿಎಸ್‌ಎಸ್ ಫೈಲನ್ನೂ ಅಲ್ಲೇ ಹುಡುಕುತ್ತದೆ. ಆ ದಾರಿಗಳನ್ನೂ ಸ್ಲ್ಯಾಶ್‌ನಿಂದಲೇ ಶುರುಮಾಡಿ.

ಸರ್ವರ್ ಒಳಗೇ ಕೆಟ್ಟಾಗ ಬರುವ 500 ಕೋಡ್‌ಗೂ ಪುಟ ಮಾಡುತ್ತೀರಾದರೆ ಪಿಎಚ್‌ಪಿ, ಡೇಟಾಬೇಸ್ ಏನೂ ಬೇಡದ ಬರೀ ಎಚ್‌ಟಿಎಂಎಲ್ ಇರಲಿ. ಆ ಪುಟ ಬೇಕಾಗುವುದೇ ಅವು ಕೆಟ್ಟಾಗ. ಕನ್ನಡದಲ್ಲಿ ಬರೆಯುತ್ತಿದ್ದರೆ ಪುಟದ ತಲೆಭಾಗದಲ್ಲಿ (head) ಅಕ್ಷರಗಳ ಸಂಕೇತ ಯುಟಿಎಫ್-8 (UTF-8) ಅಂತ ಹೇಳುವುದನ್ನು ಮರೆಯಬೇಡಿ.