ಮೆದುಳಿಗೆ ತರಬೇತಿ: ಆ್ಯಪ್‌ಗೆ ಚಂದಾ ಕಟ್ಟುವುದೋ, ಅಪ್ಪನನ್ನು ನಡೆಯಲು ಕಳುಹಿಸುವುದೋ?

ಅರುವತ್ತು ದಾಟಿದ ನಿಮ್ಮ ತಂದೆಯವರಿಗೆ ಪರಿಚಿತರ ಹೆಸರು ತಟ್ಟನೆ ನೆನಪಾಗುವುದಿಲ್ಲವೆಂದೂ, ಅದಕ್ಕಾಗಿ ಮೊಬೈಲಿನ ‘ಮೆದುಳಿನ ತರಬೇತಿ’ ಆ್ಯಪ್‌ಗೆ ವರ್ಷದ ಚಂದಾ ಕಟ್ಟಬೇಕೇ ಅಥವಾ ದಿನವೂ ನಡೆಯಲು ಹೇಳಿದರೆ ಸಾಕೇ ಎಂದೂ, ಈ ವಯಸ್ಸಿನಲ್ಲಿ ಅಭ್ಯಾಸದಿಂದ ಮೆದುಳು ನಿಜಕ್ಕೂ ಬದಲಾಗುತ್ತದೆಯೇ ಎಂದೂ ಕೇಳಿದ್ದೀರಿ. ಬದಲಾಗುತ್ತದೆ. ಆದರೆ ಮನಸ್ಸಿನ ಅಭ್ಯಾಸ ಬಹುಮಟ್ಟಿಗೆ ಅಭ್ಯಾಸ ಮಾಡಿದ ಕೆಲಸವನ್ನಷ್ಟೇ ಚುರುಕುಗೊಳಿಸುತ್ತದೆ. ಮೈಯ ವ್ಯಾಯಾಮದ ಪ್ರಯೋಜನ ಅದಕ್ಕಿಂತ ವಿಸ್ತಾರವಾದದ್ದು. ಆದ್ದರಿಂದ ಆ ಚಂದಾ ಕಟ್ಟಬೇಡಿ ಎಂಬುದು ನನ್ನ ಉತ್ತರ. ನಾನು ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುವವನು, ರಜಾದಿನಗಳಲ್ಲಿ ಮಕ್ಕಳಿಗೆ ಯಕ್ಷಗಾನದ ಹೆಜ್ಜೆಗಾರಿಕೆ ಹೇಳಿಕೊಡುವವನು, ವೈದ್ಯನಲ್ಲ.

ಬೆಳೆದವರ ಮೆದುಳು ಇನ್ನು ಬದಲಾಗದು ಎಂಬ ಹಳೆಯ ನಂಬಿಕೆಯನ್ನು ಅಲುಗಾಡಿಸಿದ ಅಧ್ಯಯನಗಳಲ್ಲಿ ಲಂಡನ್ನಿನ ಟ್ಯಾಕ್ಸಿ ಚಾಲಕರದ್ದು ಪ್ರಸಿದ್ಧ. ಅಲ್ಲಿ ಪರವಾನಗಿ ಬೇಕಾದರೆ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು, ಅದಕ್ಕೆ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ದಾರಿ ಮತ್ತು ಜಾಗದ ನೆನಪಿಗೆ ಬಹಳ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಈ ಚಾಲಕರಲ್ಲಿ ದೊಡ್ಡದಾಗಿರುವುದನ್ನು ನರವಿಜ್ಞಾನಿ ಎಲೀನರ್ ಮಗ್ವೈರ್ ಮತ್ತು ಸಂಗಡಿಗರು 2000ರಲ್ಲಿ ತೋರಿಸಿದರು. ಹುಟ್ಟಿನಿಂದಲೇ ಹಾಗಿದ್ದವರು ಮಾತ್ರ ಆ ಕೆಲಸಕ್ಕೆ ಸೇರಿರಬಹುದಲ್ಲ ಎಂಬ ಸಂಶಯ ನ್ಯಾಯವಾದದ್ದೇ. ಅದಕ್ಕೆಂದೇ ಅವರ ತಂಡ ಕಲಿಯುತ್ತಿದ್ದ ಅಭ್ಯರ್ಥಿಗಳನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿತು: ಪರೀಕ್ಷೆಯಲ್ಲಿ ಗೆದ್ದವರಲ್ಲಿ ಆ ಭಾಗ ಬೆಳೆದಿತ್ತು, ಗೆಲ್ಲದವರಲ್ಲಿ ಬೆಳೆದಿರಲಿಲ್ಲ. ಆದರೆ ದಾರಿಗಳಲ್ಲಿ ನಿಪುಣರಾದ ಈ ಚಾಲಕರು ಒಮ್ಮೆ ನೋಡಿದ ಜಟಿಲ ಚಿತ್ರವೊಂದನ್ನು ಸ್ವಲ್ಪ ಹೊತ್ತಿನ ನಂತರ ನೆನಪಿನಿಂದ ಬರೆಯುವ ಪರೀಕ್ಷೆಯಲ್ಲಿ ಉಳಿದವರಿಗಿಂತ ಹಿಂದೆ ಬಿದ್ದರು ಎಂಬುದನ್ನು ಹೇಳುವವರು ಕಡಿಮೆ.

ಬೆಳೆದದ್ದು ಹಾಗೆಯೇ ಉಳಿಯುತ್ತದೆಂದೂ ಇಲ್ಲ. ಮೂರು ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವ ವಿದ್ಯೆಯನ್ನು ಮೂರು ತಿಂಗಳು ಕಲಿತವರಲ್ಲಿ, ಚಲನೆಯನ್ನು ಗ್ರಹಿಸುವ ಮೆದುಳಿನ ಭಾಗ ಹಿಗ್ಗಿದ್ದನ್ನು ಜರ್ಮನಿಯ ಸಂಶೋಧಕರು 2004ರಲ್ಲಿ ಎಂ.ಆರ್.ಐ. ಮೂಲಕ ಕಂಡರು, ಅಭ್ಯಾಸ ಬಿಟ್ಟು ಮತ್ತೆ ಮೂರು ತಿಂಗಳು ಕಳೆದಾಗ ಆ ಹಿಗ್ಗುವಿಕೆ ಇಳಿದಿತ್ತು.

ಇನ್ನು ಆ್ಯಪ್‌ನ ಮಾತು. ಅಮೆರಿಕದ ಒಬ್ಬ ಕಾಲೇಜು ವಿದ್ಯಾರ್ಥಿಯ ಕುರಿತು 1980ರಲ್ಲಿ ಪ್ರಕಟವಾದ ಪ್ರಯೋಗವನ್ನು ಈ ಪ್ರಶ್ನೆ ಕೇಳುವ ಎಲ್ಲರಿಗೂ ಹೇಳಬೇಕೆನಿಸುತ್ತದೆ. ಸೆಕೆಂಡಿಗೊಂದರಂತೆ ಓದಿದ ಅಂಕಿಗಳನ್ನು ಕೇಳಿ ಅದೇ ಕ್ರಮದಲ್ಲಿ ಒಪ್ಪಿಸುವುದು ಅವನ ಕೆಲಸ. ಆರಂಭದಲ್ಲಿ ನಮ್ಮೆಲ್ಲರಂತೆ ಏಳು ಅಂಕಿ ಹೇಳುತ್ತಿದ್ದವನು 200 ಗಂಟೆಗೂ ಮೀರಿದ ಅಭ್ಯಾಸದ ಬಳಿಕ 79 ಅಂಕಿಗಳನ್ನು ಒಪ್ಪಿಸಿದ. ಅವನು ಓಟಗಾರನಾಗಿದ್ದುದರಿಂದ ಮೂರು ನಾಲ್ಕು ಅಂಕಿಗಳನ್ನು ಒಟ್ಟುಗೂಡಿಸಿ ಓಟದ ಸಮಯವೆಂದು ನೆನಪಿಟ್ಟುಕೊಳ್ಳುವ ಉಪಾಯ ಕಂಡುಕೊಂಡಿದ್ದ. ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟು ನೋಡಿದಾಗ ಮತ್ತೆ ಆರಕ್ಕೇ ಬಂದು ನಿಂತ. ಹಿಗ್ಗಿದ್ದು ಅಂಕಿ ಹಿಡಿಯುವ ಉಪಾಯವೇ ಹೊರತು ‘ನೆನಪಿನ ಶಕ್ತಿ’ ಎಂದು ನಾವು ಕರೆಯುವ ಸಾಮಾನ್ಯ ಸಾಮರ್ಥ್ಯವಲ್ಲ. ಬ್ರಿಟನ್ನಿನಲ್ಲಿ 11,430 ಜನರು ಆರು ವಾರ ಕಂಪ್ಯೂಟರಿನಲ್ಲಿ ಇಂಥ ಆಟಗಳನ್ನು ಆಡಿದ ಅಧ್ಯಯನ 2010ರಲ್ಲಿ ಹೊರಬಂದಾಗಲೂ ಫಲಿತಾಂಶ ಬೇರೆಯಾಗಿರಲಿಲ್ಲ: ಆಡಿದ ಆಟದಲ್ಲಿ ಎಲ್ಲರೂ ಸುಧಾರಿಸಿದ್ದರು, ಆಡದ ಪರೀಕ್ಷೆಗಳಿಗೆ ಆ ಸುಧಾರಣೆ ದಾಟಿರಲಿಲ್ಲ. ಲ್ಯುಮಾಸಿಟಿ ಎಂಬ ಜನಪ್ರಿಯ ಆ್ಯಪ್‌ನ ಕಂಪೆನಿ, ವಯಸ್ಸಿನ ಮರೆವನ್ನು ತಡೆಯುತ್ತೇವೆಂಬಂಥ ಜಾಹೀರಾತುಗಳಿಗೆ ಆಧಾರವಿಲ್ಲವೆಂಬ ಆರೋಪದ ಮೇಲೆ, ಅಮೆರಿಕದ ಸರಕಾರಿ ವಾಣಿಜ್ಯ ಆಯೋಗದೊಂದಿಗೆ 2016ರಲ್ಲಿ 20 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ಎದುರು ಸಾಕ್ಷ್ಯವೂ ಇದೆ, ಅದನ್ನು ಮುಚ್ಚಿಡಬಾರದು. 65 ದಾಟಿದ 2,832 ಜನರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ, ತರ್ಕ ಮತ್ತು ಗ್ರಹಿಕೆಯ ವೇಗದ ತರಬೇತಿ ಪಡೆದವರು ಹತ್ತು ವರ್ಷಗಳ ಬಳಿಕವೂ ಆಯಾ ವಿಷಯದಲ್ಲಿ ಮುಂದಿದ್ದರು. ನೆನಪಿನ ತರಬೇತಿಯ ಲಾಭ ಮಾತ್ರ ಅಷ್ಟು ಕಾಲ ಉಳಿದಿರಲಿಲ್ಲ. ನಿಮ್ಮ ತಂದೆಯವರ ತೊಂದರೆ ನೆನಪಿನದ್ದೇ ಅಲ್ಲವೇ?

ಕಲಿಕೆಯ ಈ ಸ್ವಭಾವ ನನ್ನ ಕಣ್ಣೆದುರಿಗೇ ಕಾಣುತ್ತದೆ. ತ್ರಿವುಡೆ ತಾಳದ ಏಳು ಅಕ್ಷರಗಳಿಗೆ ಹೆಜ್ಜೆ ಹಾಕಲು ಹೊರಟ ಹುಡುಗಿ ತುಟಿಯೊಳಗೇ ಎಣಿಸುತ್ತಾಳೆ, ಕಣ್ಣು ಕಾಲ ಬೆರಳುಗಳ ಮೇಲೆ ನೆಟ್ಟಿರುತ್ತದೆ; ಆಗ ಭಾಗವತರು ಹಾಡುತ್ತಿರುವ ಪದ ಯಾವುದೆಂದು ಕೇಳಿದರೆ ಅವಳಿಗೆ ಹೇಳಲು ಬರುವುದಿಲ್ಲ. ತಿಂಗಳುಗಳು ಕಳೆದ ಮೇಲೆ ಅವಳೇ ಪದದ ಭಾವಕ್ಕೆ ತಕ್ಕಂತೆ ಕಣ್ಣು ತಿರುಗಿಸುತ್ತಾಳೆ, ಎಣಿಸದೆಯೇ ಚೆಂಡೆಯ ಪೆಟ್ಟಿನೊಂದಿಗೆ ಬಿಡ್ತಿಗೆ ಎಂಬ ತಾಳದ ಘಟ್ಟಕ್ಕೆ ಬಂದು ನಿಲ್ಲುತ್ತಾಳೆ, ಮುಂದಿನ ಮಾತು ಏನೆಂದು ಯೋಚಿಸುವಷ್ಟು ಬಿಡುವೂ ಅವಳ ಮನಸ್ಸಿಗೆ ಸಿಕ್ಕಿರುತ್ತದೆ. ಹೊಸ ಚಲನೆಯನ್ನು ಕಲಿಯುವಾಗ ಹಣೆಯ ಹಿಂದಿನ, ಗಮನವಿಟ್ಟು ಯೋಚಿಸುವ ಭಾಗ ಬಹಳ ದುಡಿಯುತ್ತದೆ. ಕಲಿತು ರೂಢಿಯಾದಂತೆ ಆ ಹೊರೆ ಇಳಿದು, ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಮತ್ತು ಹಿಂಬದಿಯ ಕಿರುಮೆದುಳು ಚಲನೆಯನ್ನು ಹೆಚ್ಚು ಹೆಚ್ಚಾಗಿ ನಡೆಸಿಕೊಂಡು ಹೋಗುತ್ತವೆ. ಈ ಹಸ್ತಾಂತರಕ್ಕೆ ನಿದ್ದೆಯೂ ಬೇಕು. ನಿನ್ನೆ ತೊಡಕಾಗಿದ್ದ ಹೆಜ್ಜೆ ಇವತ್ತು ಬೆಳಗ್ಗೆ ಸಲೀಸಾಗುವುದು ಅದರಿಂದಲೇ. ಇದರಿಂದ ಗಣಿತದ ಅಂಕ ಏರುತ್ತದೆಯೇ ಎಂದು ಹೆತ್ತವರು ಕೇಳಿದಾಗ ನಾನು ಭರವಸೆ ಕೊಡುವುದಿಲ್ಲ. ಯಕ್ಷಗಾನ ಕಲಿತರೆ ಯಕ್ಷಗಾನ ಬರುತ್ತದೆ, ಅದು ಬರುವುದೇ ದೊಡ್ಡದು ಎಂದು ನಾನು ನಂಬುತ್ತೇನೆ.

ನಡಿಗೆಯ ವಿಷಯ ಬೇರೆ, ಏಕೆಂದರೆ ಅದು ಯಾವುದೋ ಒಂದು ಕೌಶಲವನ್ನು ಕಲಿಸುವುದಿಲ್ಲ, ಮೆದುಳನ್ನು ಪೋಷಿಸುವ ವ್ಯವಸ್ಥೆಯನ್ನೇ ಸರಿಪಡಿಸುತ್ತದೆ. ಮೆದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ವಿಶ್ರಾಂತಿಯಲ್ಲಿದ್ದಾಗ ದೇಹ ಬಳಸುವ ಆಮ್ಲಜನಕದಲ್ಲಿ ಅದರದ್ದು ಸುಮಾರು ಐದನೆಯ ಒಂದು ಪಾಲು. ಅಡಕೆ ತೋಟದಲ್ಲಿ ಪಂಪು ಸರಿಯಿದ್ದರೂ ಪೈಪು ಕಟ್ಟಿಕೊಂಡರೆ ತುದಿಯ ಸಾಲಿನ ಮರ ಒಣಗುವಂತೆ, ರಕ್ತದೊತ್ತಡ ಮತ್ತು ಸಕ್ಕರೆಯಿಂದ ಕೆಟ್ಟ ಸಣ್ಣ ರಕ್ತನಾಳಗಳು ಮೆದುಳಿನ ಒಳಭಾಗವನ್ನು ಸದ್ದಿಲ್ಲದೆ ಸೊರಗಿಸುತ್ತವೆ. ನಡಿಗೆ ಇವೆರಡನ್ನೂ ಇಳಿಸುತ್ತದೆ, ಜೊತೆಗೆ ನರಕೋಶಗಳ ಬೆಳವಣಿಗೆಗೆ ನೆರವಾಗುವ ಬಿ.ಡಿ.ಎನ್.ಎಫ್. ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. 120 ಹಿರಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷದಂತೆ ಒಂದು ವರ್ಷ ನಡೆದವರ ಹಿಪೊಕ್ಯಾಂಪಸ್ ಶೇಕಡಾ 2ರಷ್ಟು ಹಿಗ್ಗಿತು. ಬರೇ ಮೈ ಸಡಿಲಿಸುವ ವ್ಯಾಯಾಮ ಮಾಡಿದವರದ್ದು ವಯಸ್ಸಿಗೆ ತಕ್ಕಂತೆ ಶೇಕಡಾ 1.4ರಷ್ಟು ಕುಗ್ಗಿತು. ಆದರೂ ಜಾಗವನ್ನು ನೆನಪಿಡುವ ಪರೀಕ್ಷೆಯಲ್ಲಿ ಎರಡೂ ಗುಂಪುಗಳು ಸುಧಾರಿಸಿದ್ದವು, ಆದ್ದರಿಂದ ಗಾತ್ರ ಹೆಚ್ಚಿದ ಮಾತ್ರಕ್ಕೆ ಮರೆವು ಮಾಯವಾಗುತ್ತದೆಂದು ತಿಳಿಯಬೇಡಿ.

ಧ್ಯಾನದ ಬಗ್ಗೆಯೂ ಕೇಳಿದ್ದೀರಿ. ಎಂಟು ವಾರದ ಧ್ಯಾನದಿಂದ ಮೆದುಳಿನ ರಚನೆಯೇ ಬದಲಾಗುತ್ತದೆಂದು 2011ರ ಒಂದು ಸಣ್ಣ ಅಧ್ಯಯನ ಹೇಳಿತ್ತು. 2022ರಲ್ಲಿ ಬಂದ, ಹೆಚ್ಚು ಜನರನ್ನು ಒಳಗೊಂಡ ಅಧ್ಯಯನದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಮನಸ್ಸಿಗೆ ನೆಮ್ಮದಿ ಸಿಗುವುದಾದರೆ ತಂದೆಯವರು ಧ್ಯಾನಕ್ಕೆ ಕುಳಿತುಕೊಳ್ಳಲಿ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆಗುಳಿ ರೋಗದ 648 ರೋಗಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ಅಂತರವಿತ್ತು. ಇದು ಪ್ರಯೋಗವಲ್ಲ, ವೀಕ್ಷಣೆ. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದಕ್ಕೆ ಒಪ್ಪಿಲ್ಲ. ಆದರೂ ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಓದಲು ಕನ್ನಡ ಎಂದು ಬದುಕುವ ನಮ್ಮ ಹಿರಿಯರು ದಿನವಿಡೀ ಮಾಡುವ ಈ ಕಸರತ್ತು ಯಾವ ಆ್ಯಪ್‌ಗೂ ಕಡಿಮೆಯಲ್ಲ ಎಂದೇ ನನಗನ್ನಿಸುತ್ತದೆ, ಅವರನ್ನು ಟಿ.ವಿ.ಯ ಮುಂದೆ ಕೂರಿಸಿ ಅದನ್ನು ನಿಲ್ಲಿಸಬಾರದು.

ಹಾಗಾಗಿ ತಂದೆಯವರು ವಾರದಲ್ಲಿ ಒಟ್ಟು 150 ನಿಮಿಷವಾದರೂ ಉಸಿರು ತುಸು ಬಿರುಸಾಗುವಂತೆ ನಡೆಯಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಅಳತೆ ಅದು. ಮಳೆಗಾಲದಲ್ಲಿ ಮನೆಯ ಜಗಲಿಯೂ ಆದೀತು. ಹೊಸದೊಂದನ್ನು ಕಲಿಯುವುದಾದರೆ ಅವರಿಗೆ ನಿಜಕ್ಕೂ ಬೇಕೆನಿಸಿದ್ದನ್ನು, ನಾಲ್ಕು ಜನರ ನಡುವೆ ಕಲಿಯಲಿ. ತಾಳಮದ್ದಳೆಯಲ್ಲಿ ಆಸಕ್ತಿಯಿದ್ದರೆ ಸಣ್ಣ ಪಾತ್ರವೊಂದರ ಅರ್ಥ ಹೇಳಲು ಹಚ್ಚಿ. ಕತೆಯನ್ನು ನೆನಪಿನಲ್ಲಿಟ್ಟುಕೊಂಡು ಎದುರು ಅರ್ಥಧಾರಿಯ ಮಾತಿಗೆ ಆ ಕ್ಷಣದಲ್ಲೇ ಉತ್ತರ ಕಟ್ಟಬೇಕಾದ ಕಲೆ ಅದು. ರಕ್ತದೊತ್ತಡ, ಸಕ್ಕರೆ, ಕಿವಿ ಮೂರನ್ನೂ ಪರೀಕ್ಷಿಸಿ; ಕೇಳಿಸದ ಕಿವಿ ಮರೆಗುಳಿ ರೋಗದ ಅಪಾಯ ಹೆಚ್ಚಿಸುವ, ಆದರೆ ಸರಿಪಡಿಸಬಹುದಾದ ಕಾರಣಗಳಲ್ಲಿ ಒಂದು. ಹೆಸರು ಮರೆತು ಆಮೇಲೆ ನೆನಪಾಗುವುದು ಈ ವಯಸ್ಸಿಗೆ ಸಹಜ. ಹಾಗಲ್ಲದೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಗೊತ್ತಿದ್ದ ದಾರಿಯಲ್ಲಿ ತಪ್ಪುವುದು, ವರ್ಷಾನುಗಟ್ಟಲೆ ನೋಡಿಕೊಂಡ ಲೆಕ್ಕದಲ್ಲಿ ಎಡವುವುದು ಕಂಡರೆ ನಡಿಗೆಯ ಫಲಕ್ಕಾಗಿ ಕಾಯದೆ ನರರೋಗ ತಜ್ಞರಲ್ಲಿಗೆ ಕರೆದೊಯ್ಯಿರಿ, ಬಿ12 ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಆ ಕೊರತೆಗಳಿಂದ ಬಂದ ಮರೆವಿಗೆ ಮದ್ದಿದೆ.