‘ಬರಿಗೈಲಿ ಗೈಡ್ ಮುಂದೆ ಹೇಗೆ ಹೋಗಿ ನಿಲ್ಲಲಿ?’

ಪಿಎಚ್.ಡಿ. ಮಾಡುತ್ತಿರುವವರು ಆಪ್ತಸಲಹೆಗೆ ಬಂದಾಗ ಮೊದಲು ಆಡುವ ಮಾತು ಹೆಚ್ಚುಕಡಿಮೆ ಒಂದೇ: ‘ಬರೆಯೋಕೆ ಮನಸ್ಸೇ ಬರ್ತಿಲ್ಲ, ಮೋಟಿವೇಶನ್ ಹೊರಟುಹೋಗಿದೆ.’ ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ಗೈಡ್ ಜೊತೆ, ಅಂದರೆ ಸಂಶೋಧನೆಯ ಮಾರ್ಗದರ್ಶಕರ ಜೊತೆ, ಮಾತಾಡಿ ತಿಂಗಳುಗಳಾಗಿರುತ್ತವೆ. ಅವರ ಇಮೇಲ್ ಬಂದರೆ ತೆರೆಯಲು ಕೈ ಬರುವುದಿಲ್ಲ. ಬರಹ ನಿಂತದ್ದಕ್ಕೆ ಗೈಡ್‌ರಿಂದ ದೂರವಾದರೋ, ದೂರವಾದದ್ದಕ್ಕೆ ಬರಹ ನಿಂತಿತೋ ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಈ ಗಂಟನ್ನು ಯಾವ ತುದಿಯಿಂದ ಬಿಚ್ಚಬೇಕು ಎಂಬ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಈ ಪ್ರಕರಣವನ್ನು ಬರೆಯುತ್ತಿರುವುದು ಅದಕ್ಕಾಗಿಯೇ. ವಿದ್ಯಾರ್ಥಿನಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಆಕೆಯದು ಸಮಾಜವಿಜ್ಞಾನದ ವಿಷಯ, ನಾಲ್ಕನೇ ವರ್ಷ. ಕ್ಷೇತ್ರಕಾರ್ಯ ಮುಗಿದಿತ್ತು. ಸಾಹಿತ್ಯ ಸಮೀಕ್ಷೆ ಮತ್ತು ಸಂಶೋಧನಾ ವಿಧಾನದ ಅಧ್ಯಾಯಗಳನ್ನು ಗೈಡ್ ಒಪ್ಪಿದ್ದರು. ದತ್ತಾಂಶ ವಿಶ್ಲೇಷಣೆಯ ಅಧ್ಯಾಯಕ್ಕೆ ಬಂದು ಆಕೆ ನಿಂತುಹೋಗಿದ್ದರು. ‘ಮುಂದಿನ ವಾರ ಕಳಿಸ್ತೀನಿ ಸರ್’ ಎಂದು ಒಮ್ಮೆ ಬರೆದರು. ಆ ವಾರ ಕಳೆಯಿತು, ಕಳಿಸಲಾಗಲಿಲ್ಲ. ಆಮೇಲೆ ಬಂದ ಎರಡು ಇಮೇಲ್‌ಗಳಿಗೆ ಉತ್ತರವನ್ನೇ ಕೊಡಲಿಲ್ಲ. ವಿಭಾಗಕ್ಕೆ ಹೋದರೂ ಗೈಡ್ ಕೊಠಡಿ ಇರುವ ಕಡೆ ಬಿಟ್ಟು ಇನ್ನೊಂದು ಮೆಟ್ಟಿಲು ಹತ್ತುತ್ತಿದ್ದರು.

ದಿನ ಹೇಗೆ ಕಳೆಯುತ್ತದೆ ಎಂದು ಗಂಟೆಗಂಟೆಯ ಲೆಕ್ಕ ಕೇಳಿದೆ. ‘ನಾನು ಸೋಮಾರಿ’ ಎಂದು ತಮ್ಮನ್ನು ತಾವೇ ಹಳಿದುಕೊಳ್ಳುವವರಿಗೆ ಈ ಪ್ರಶ್ನೆ ತುಂಬ ಮುಖ್ಯ. ಬೆಳಗ್ಗೆ ಒಂಬತ್ತಕ್ಕೆ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದರು. ಅಧ್ಯಾಯದ ಫೈಲ್ ತೆರೆದು ಮೊದಲ ಪುಟದಿಂದ ಓದಲು ಶುರು. ಮೊದಲ ಪ್ಯಾರಾ ಹದವಾಗಿಲ್ಲ ಅನ್ನಿಸಿ ತಿದ್ದುವುದು. ಎರಡನೇ ಪ್ಯಾರಾಕ್ಕೆ ಒಂದು ಉಲ್ಲೇಖ ಸಾಲದೆನ್ನಿಸಿ ಹುಡುಕಲು ಹೋಗುವುದು, ಅಲ್ಲಿ ಹೊಸ ಲೇಖನವೊಂದು ಸಿಗುವುದು, ಅದನ್ನು ಓದದೆ ಮುಂದೆ ಬರೆಯುವುದು ಹೇಗೆಂದು ಓದುತ್ತ ಕೂರುವುದು. ಮಧ್ಯಾಹ್ನ ಉಲ್ಲೇಖ ಪಟ್ಟಿಯ ಅಲ್ಪವಿರಾಮ, ಇಟಾಲಿಕ್ಸ್ ಸರಿಪಡಿಸುವ ಕೆಲಸ. ಸಂಜೆ ನೋಡಿದರೆ ಹೊಸ ವಾಕ್ಯ ಒಂದೂ ಇಲ್ಲ. ಆ ನಷ್ಟ ತುಂಬಿಕೊಳ್ಳಲು ರಾತ್ರಿ ಎರಡರವರೆಗೆ ಎದ್ದಿರುವುದು, ಮರುದಿನ ತಲೆಭಾರ. ಬಿಡುವು ತೆಗೆದುಕೊಳ್ಳುವಷ್ಟು ಕೆಲಸ ಮಾಡಿಲ್ಲವೆಂದು ಭಾನುವಾರವೂ ಅದೇ ಕುರ್ಚಿ. ದುಡಿಮೆಗೆ ಇಲ್ಲಿ ಕೊರತೆಯೇನೂ ಇಲ್ಲ. ಎಲ್ಲ ದುಡಿಮೆಯೂ ಅಧ್ಯಾಯದ ಅಂಚಿನಲ್ಲೇ ಖರ್ಚಾಗುತ್ತಿತ್ತು, ಅಷ್ಟೆ.

ಸಲಹೆಗೆ ಮುಂಚೆ ಇದು ಬರಹದ ತೊಡಕೋ ಖಿನ್ನತೆಯೋ ಎಂದು ನೋಡಿಕೊಳ್ಳಲೇಬೇಕು. 2017ರಲ್ಲಿ ಪ್ರಕಟವಾದ, ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶದ 3,659 ಪಿಎಚ್.ಡಿ. ವಿದ್ಯಾರ್ಥಿಗಳ ಅಧ್ಯಯನದಲ್ಲಿ ಸುಮಾರು 32 ಪ್ರತಿಶತ ಮಂದಿ ಖಿನ್ನತೆಯಂಥ ಮಾನಸಿಕ ತೊಂದರೆಯ ಅಪಾಯದಲ್ಲಿದ್ದರು. ಹಾಗಾಗಿ ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ತುಂಬಿಸಿಕೊಳ್ಳುತ್ತೇನೆ. ಕಳೆದ ಎರಡು ವಾರಗಳ ನಿದ್ದೆ, ಹಸಿವು, ಉತ್ಸಾಹ, ಏಕಾಗ್ರತೆಯಂಥ ಒಂಬತ್ತು ವಿಷಯ. ಗರಿಷ್ಠ 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರ ತಪಾಸಣೆಗೆ ಕಳಿಸಬೇಕು. ಒಂಬತ್ತನೆಯ ಪ್ರಶ್ನೆ ಸಾವಿನ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನು ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಥೀಸಿಸ್ ಮಾತು ಪಕ್ಕಕ್ಕಿಟ್ಟು ಮೊದಲು ಅದನ್ನೇ ವಿಚಾರಿಸಬೇಕು. ಈ ವಿದ್ಯಾರ್ಥಿನಿಯ ಅಂಕ ಸೌಮ್ಯ ಮಟ್ಟದಲ್ಲಿತ್ತು, ಕೊನೆಯ ಪ್ರಶ್ನೆಗೆ ಸೊನ್ನೆ. ನಿದ್ದೆಯನ್ನು ಮೊದಲು ದಾರಿಗೆ ತಂದೆವು: ರಾತ್ರಿ ಹತ್ತರ ಮೇಲೆ ಪ್ರಬಂಧದ ಫೈಲ್ ತೆರೆಯುವಂತಿಲ್ಲ.

ಪ್ರಕರಣ ತಿರುಗಿದ್ದು ಮೂರನೇ ಭೇಟಿಯಲ್ಲಿ. ‘ಈ ವಾರ ಗೈಡ್‌ಗೆ ಏನು ಕಳಿಸಬಹುದು?’ ಎಂದು ಕೇಳಿದೆ.

‘ಕಳಿಸೋಕೆ ಏನೂ ಇಲ್ಲ. ಬರಿಗೈಲಿ ಅವರ ಮುಂದೆ ಹೇಗೆ ಹೋಗಿ ನಿಲ್ಲಲಿ? ಇಷ್ಟು ತಿಂಗಳು ಸುಮ್ಮನಿದ್ದು ಈಗ ಹೋಗೋದಾದ್ರೆ ಇಡೀ ಅಧ್ಯಾಯ ಕೈಯಲ್ಲಿರಬೇಕು. ಅದೂ ಚೆನ್ನಾಗಿರಬೇಕು, ಇಷ್ಟು ದಿನ ತಗೊಂಡಿದ್ದಕ್ಕೆ ತಕ್ಕ ಹಾಗಿರಬೇಕು.’

ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿ ಎಂದೆ. ಹೇಳುತ್ತ ಹೇಳುತ್ತ ಆಕೆಗೇ ಅದರೊಳಗಿನ ಲೆಕ್ಕ ಕಂಡಿತು. ‘ಅಂದ್ರೆ ಸಾಲದ ಮೇಲೆ ಬಡ್ಡಿ ಏರ್ತಾ ಹೋಗ್ತಿದೆ,’ ಎಂದರು. ಹೌದು. ಒಂದು ತಿಂಗಳು ತಡವಾದಾಗ ಸಾಧಾರಣ ಅಧ್ಯಾಯ ಸಾಕಿತ್ತು. ಆರು ತಿಂಗಳಾದ ಮೇಲೆ ಬಲು ಉತ್ತಮವಾದದ್ದೇ ಬೇಕು. ಅಂಥದ್ದು ಬರೆಯಲಾಗದೆ ಇನ್ನೆರಡು ತಿಂಗಳು ಹೋದರೆ ಪಟ್ಟು ಇನ್ನೂ ಬಿಗಿ.

ಆಮೇಲೆ ಲ್ಯಾಪ್‌ಟಾಪ್ ತೆರೆಯಲು ಹೇಳಿದೆ. ‘ಅಧ್ಯಾಯ 4 ಹೊಸದು’, ‘ಅಧ್ಯಾಯ 4 ಹೊಸದು ಫೈನಲ್’, ‘ಅಧ್ಯಾಯ 4 ಮತ್ತೆ ಮೊದಲಿಂದ’ ಎಂದು ಸಾಲಾಗಿ ಫೈಲ್‌ಗಳಿದ್ದವು. ಒಂದೊಂದನ್ನೂ ತೆರೆದು ನೋಡಿದೆವು. ಅಧ್ಯಾಯದ ಪೀಠಿಕೆ ಮೂರು ಬಗೆಯಲ್ಲಿ ಬರೆದಾಗಿತ್ತು. ಅದರ ಕೆಳಗೆ ಎರಡು ಕೋಷ್ಟಕ, ಐದು ಥೀಮ್‌ಗಳಾಗಿ, ಅಂದರೆ ಮುಖ್ಯ ವಿಷಯಗಳಾಗಿ, ವಿಂಗಡಿಸಿದ ಸಂದರ್ಶನದ ಆಯ್ದ ಮಾತುಗಳು. ಒಂದು ಥೀಮ್‌ನ ಬಗ್ಗೆ ಐದು ಪುಟ ಸಾಕಷ್ಟು ತುಂಬಿಕೊಂಡಿತ್ತು.

‘ಈ ಐದು ಪುಟ ಕಳಿಸಬಹುದಲ್ಲ?’

‘ಇದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ.’

‘ಓದಿ ಗೈಡ್ ಏನನ್ನಬಹುದು?’

‘ಹಿಂದುಮುಂದಿಲ್ಲ ಅಂತಾರೆ.’

‘ಅದು ನಿಮಗೆ ಆಗಲೇ ಗೊತ್ತಿದೆ. ನಿಮಗೆ ಗೊತ್ತಿಲ್ಲದ್ದು ಯಾವುದು?’

ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದು ಹೇಳಿದರು: ‘ಐದೂ ಥೀಮ್ ಇಟ್ಟುಕೊಳ್ಳಬೇಕೋ ಮೂರಕ್ಕೆ ಇಳಿಸಬೇಕೋ ಗೊತ್ತಾಗ್ತಿಲ್ಲ. ಎರಡು ಥೀಮ್ ಒಂದರ ಮೇಲೊಂದು ಬೀಳ್ತಿವೆ. ಅದಕ್ಕೇ ಪೀಠಿಕೆಯಲ್ಲಿ ಈ ಅಧ್ಯಾಯ ಏನು ಹೇಳುತ್ತೆ ಅಂತ ಬರೆಯೋಕಾಗ್ತಿಲ್ಲ.’

‘ಮೋಟಿವೇಶನ್ ಇಲ್ಲ’ ಎಂದು ತಿಂಗಳುಗಟ್ಟಲೆ ತಮ್ಮನ್ನೇ ದೂರಿಕೊಂಡ ಅವಸ್ಥೆಯ ಒಳಗಿದ್ದದ್ದು ಹೀಗೊಂದು ಸಂಶೋಧನೆಯ ಪ್ರಶ್ನೆ. ಈ ವಿಷಯ ಬಲ್ಲ ಒಬ್ಬರ ಜೊತೆ ಇಪ್ಪತ್ತು ನಿಮಿಷ ಕೂತರೆ ಬಗೆಹರಿಯುವಂಥದ್ದು. ಆ ಒಬ್ಬರಿಂದಲೇ ಆಕೆ ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದರು.

ಅಲ್ಲೇ ಇಮೇಲ್ ಬರೆಯಲು ಕೂತೆವು. ಆಕೆಯ ಮೊದಲ ಕರಡಿನ ತುಂಬ ಕ್ಷಮಾಪಣೆ: ಆರೋಗ್ಯ, ಮನೆಯ ತಾಪತ್ರಯ, ‘ನನ್ನಂಥವಳಿಂದ ನಿಮಗೆ ನಿರಾಸೆಯಾಗಿರಬಹುದು’. ಇಂಥ ಪತ್ರ ಓದಿದವರು ಸಮಾಧಾನ ಹೇಳಬೇಕು, ಇಲ್ಲವೇ ಕ್ಷಮಿಸಬೇಕು. ಎರಡಕ್ಕೂ ಪುರಸೊತ್ತು ಬೇಕು, ಹಾಗಾಗಿ ಉತ್ತರ ತಡವಾಗುತ್ತದೆ, ಆ ತಡವನ್ನು ವಿದ್ಯಾರ್ಥಿ ಸಿಟ್ಟು ಎಂದು ತಿಳಿಯುತ್ತಾರೆ. ಕಡೆಗೆ ಉಳಿದದ್ದು ಇಷ್ಟು:

‘ಸರ್, ನಿಮ್ಮ ಇಮೇಲ್‌ಗಳಿಗೆ ಉತ್ತರಿಸದಿದ್ದುದಕ್ಕೆ ಕ್ಷಮೆ ಇರಲಿ. ನಾಲ್ಕನೇ ಅಧ್ಯಾಯದ ಒಂದು ಭಾಗ ಲಗತ್ತಿಸಿದ್ದೇನೆ: ಐದು ಪುಟ, ಎರಡು ಕೋಷ್ಟಕ. ಇದು ಕಚ್ಚಾ ಕರಡು, ಪೀಠಿಕೆ ಇಲ್ಲ, ಭಾಷೆ ತಿದ್ದಿಲ್ಲ. ನನಗೆ ಬೇಕಿರುವ ಸಲಹೆ ಒಂದೇ: ಐದು ಥೀಮ್‌ಗಳನ್ನು ಉಳಿಸಿಕೊಳ್ಳಲೋ, ಮೂರಕ್ಕೆ ಇಳಿಸಲೋ? ಸಮಯವಿಲ್ಲದಿದ್ದರೆ ಎರಡನೇ ಕೋಷ್ಟಕ ನೋಡಿದರೆ ಸಾಕು. ಮುಂದಿನ ಗುರುವಾರ ಅಥವಾ ಶುಕ್ರವಾರ ಇಪ್ಪತ್ತು ನಿಮಿಷ ಸಿಗಬಹುದೇ?’

‘ಮನೆಗೆ ಹೋಗಿ ಇನ್ನೊಮ್ಮೆ ಓದಿ ಕಳಿಸ್ತೀನಿ,’ ಎಂದರು. ಬೇಡ, ಇಲ್ಲೇ ಕಳಿಸಿ ಎಂದೆ. ಮನೆಗೆ ಹೋದರೆ ಆ ಐದು ಪುಟಗಳ ಮೊದಲ ಪ್ಯಾರಾ ಮತ್ತೆ ತಿದ್ದುಪಡಿಗೆ ಸಿಕ್ಕಿಕೊಳ್ಳುತ್ತಿತ್ತು. ಕಳಿಸಿದರು.

ಈ ಸಲಹೆಗೆ ನಮ್ಮ ಕ್ಷೇತ್ರದಲ್ಲೇ ಆಕ್ಷೇಪವಿದೆ. ಇಮೇಲ್ ಬರೆಸುವುದು ಆಪ್ತಸಲಹೆಗಾರರ ಕೆಲಸವೇ? ಪರಿಪೂರ್ಣತೆಯ ಹಂಬಲ ಎಲ್ಲಿಂದ ಬಂತು, ಹಿರಿಯರ ಮೆಚ್ಚುಗೆಗೆ ಇಷ್ಟು ಹಾತೊರೆಯುವುದೇಕೆ ಎಂದು ಬೇರಿಗಿಳಿಯಬೇಡವೇ? ಇಳಿಯಬಹುದು, ಕೆಲವರಿಗೆ ಅದು ಬೇಕು ಕೂಡ. ಆದರೆ ಬೇರು ಹುಡುಕುವಷ್ಟು ದಿನವೂ ಗೈಡ್‌ಗೆ ಉತ್ತರ ಹೋಗದಿದ್ದರೆ ಭಯ ಬೆಳೆಯುತ್ತಲೇ ಇರುತ್ತದೆ. ಮುಂದೂಡುವ ಅಭ್ಯಾಸದ ಬಗ್ಗೆ ಮನೋವಿಜ್ಞಾನಿಗಳಾದ ಫ್ಯೂಷಿಯಾ ಸಿರೋಯ್ ಮತ್ತು ಟಿಮೊಥಿ ಪಿಚಿಲ್ 2013ರಲ್ಲಿ ಮುಂದಿಟ್ಟ ವಿವರಣೆ ನನ್ನ ಅನುಭವಕ್ಕೆ ಪೂರ್ತಿ ಹೊಂದುತ್ತದೆ: ಕೆಲಸ ಹುಟ್ಟಿಸುವ ಸಂಕಟದಿಂದ ಆ ಗಳಿಗೆಗೆ ಬಿಡುಗಡೆ ಸಿಗುತ್ತದೆ, ಅದಕ್ಕೇ ಮುಂದೂಡುತ್ತೇವೆ. ಇಮೇಲ್ ಮುಚ್ಚಿಟ್ಟಾಗ ಸಿಗುವ ನೆಮ್ಮದಿಯೇ ನಾಳೆಯೂ ಅದನ್ನು ಮುಚ್ಚಿಡಿಸುತ್ತದೆ. ಈ ಸರಪಳಿ ಕಡಿಯುವುದು ಒಮ್ಮೆ ಕಳಿಸಿ, ಅಂದುಕೊಂಡಷ್ಟು ಕೆಟ್ಟದ್ದೇನೂ ಆಗಲಿಲ್ಲ ಎಂದು ಕಂಡಾಗ.

ಇನ್ನು ಮೋಟಿವೇಶನ್. ಅದು ಬಂದ ಮೇಲೆ ಬರೆಯುತ್ತೇನೆ ಎನ್ನುವವರಿಗೆ ಮನೋವಿಜ್ಞಾನಿ ರಾಬರ್ಟ್ ಬಾಯ್ಸ್ ಅವರ 1983ರ ಪ್ರಯೋಗವನ್ನು ಹೇಳುತ್ತೇನೆ. ಬರಹ ಕಟ್ಟಿಹೋಗಿದ್ದ ಅಧ್ಯಾಪಕರಲ್ಲಿ, ಮನಸ್ಸು ಬಂದಾಗ ಬರೆದವರಿಗಿಂತ ನಿಗದಿತ ಹೊತ್ತಿಗೆ ಬರೆಯಲೇಬೇಕಾದ ಕಟ್ಟಳೆಗೆ ಒಳಪಟ್ಟವರು ಹೆಚ್ಚು ಪುಟ ಬರೆದರು, ಹೊಸ ಆಲೋಚನೆಗಳೂ ಅವರಿಗೇ ಹೆಚ್ಚು ಹೊಳೆದವು. ಕೂತು ಬರೆಯುವುದರಿಂದ ಹುರುಪು ಹುಟ್ಟುತ್ತದೆ. ಹುರುಪನ್ನು ಕಾಯುತ್ತ ಕೂತವರಿಗೆ ಅದು ಬರುವುದು ಅಪರೂಪ.

ಹಾಗಾಗಿ ದಿನಕ್ಕೆ 45 ನಿಮಿಷದ ಎರಡು ಸರದಿ ಗೊತ್ತುಮಾಡಿಕೊಂಡೆವು, ನಡುವೆ ಕಾಲು ಗಂಟೆ ಬಿಡುವು, ಇಂಟರ್‌ನೆಟ್ ಆಫ್. ‘ಬೆಳಗ್ಗೆ ಬರೆಯುತ್ತೇನೆ’ ಎಂಬ ಸಂಕಲ್ಪ ಸಾಲದು. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ವಿವರಿಸಿದ ‘ಹೀಗಾದ ಕೂಡಲೇ ಹೀಗೆ ಮಾಡುತ್ತೇನೆ’ ಎಂಬ ರೂಪ ಬೇಕು: ‘ಒಂಬತ್ತಕ್ಕೆ ಕುರ್ಚಿಯಲ್ಲಿ ಕೂತ ಕೂಡಲೇ ಕಂಟ್ರೋಲ್ ಮತ್ತು ಎಂಡ್ ಕೀ ಒತ್ತಿ ಫೈಲ್‌ನ ತುದಿಗೆ ಹೋಗಿ, ನಿನ್ನೆ ಅರ್ಧ ಬಿಟ್ಟ ವಾಕ್ಯ ಮುಗಿಸುತ್ತೇನೆ.’ ಮೊದಲ ಪುಟ ಕಣ್ಣಿಗೇ ಬೀಳಬಾರದು. ಪೀಠಿಕೆ ಕೊನೆಗೆ. ಶುರು ಕೋಷ್ಟಕದಿಂದ, ಪ್ರತಿ ಕೋಷ್ಟಕಕ್ಕೂ ಮೊದಲು ಮೂರೇ ವಾಕ್ಯ: ಇದರಲ್ಲಿ ಏನು ಕಾಣುತ್ತದೆ, ನಿರೀಕ್ಷೆಗಿಂತ ಬೇರೆಯಾದದ್ದು ಯಾವುದು, ಇದರಿಂದ ಯಾವುದನ್ನು ಹೇಳಲು ಬರುವುದಿಲ್ಲ. ಮೂರನೆಯದೇ ಮುಂದೆ ಚರ್ಚೆಯ ಭಾಗಕ್ಕೆ ಬೀಜವಾಗುತ್ತದೆ. ಉಲ್ಲೇಖ ಬೇಕೆನಿಸಿದಲ್ಲಿ ಎರಡು ನಕ್ಷತ್ರ ಹಾಕಿ ಮುಂದೆ ಹೋಗುವುದು. ಮಧ್ಯಾಹ್ನದ ಓದು ಆ ನಕ್ಷತ್ರಗಳಿಗೆ ಮಾತ್ರ. ಅಳಿಸಲು ಮನಸ್ಸಾಗದ ಪ್ಯಾರಾಗಳಿಗೆ ‘ತೆಗೆದದ್ದು’ ಎಂಬ ಬೇರೆ ಫೈಲ್. ದಿನದ ಕೆಲಸದ ದಾಖಲೆಯಲ್ಲಿ ಬರೆಯುವುದು ನಿಮಿಷಗಳನ್ನು. ಪದಗಳ ಎಣಿಕೆ ತಿದ್ದುವ ದಿನ ಸೊನ್ನೆ ತೋರಿಸಿ ಎದೆಗುಂದಿಸುತ್ತದೆ.

ಎಡವಿದ್ದು ಎರಡನೇ ವಾರ. ಒಂದು ದಿನ ಬರಹ ಹರಿಯಿತೆಂದು ಐದು ಗಂಟೆ ಕೂತರು. ಮುಂದಿನ ಎರಡು ದಿನ ಫೈಲ್ ತೆರೆಯಲಾಗಲಿಲ್ಲ. ಇದು ಬಹುತೇಕ ಎಲ್ಲರಿಗೂ ಆಗುತ್ತದೆ. ಹೊತ್ತು ಮುಗಿದಾಗ ಏಳುವುದೂ ಕೂರುವಷ್ಟೇ ಕಟ್ಟುನಿಟ್ಟಾಗಿರಬೇಕು, ತಪ್ಪಿದ ದಿನವನ್ನು ಮರುದಿನ ತುಂಬಿಕೊಡಲು ಹೋಗಬಾರದು.

ಗೈಡ್ ಮೂರನೇ ದಿನ ಉತ್ತರಿಸಿದ್ದರು. ಭೇಟಿಯಲ್ಲಿ ಥೀಮ್‌ಗಳು ಮೂರಾದವು. ಆದರೆ ಅವರು ಮರಳಿಸಿದ ಪುಟಗಳ ಅಂಚಿನ ತುಂಬ ಟಿಪ್ಪಣಿ, ಅದನ್ನು ಕಂಡು ಆಕೆ ಮತ್ತೆ ಕುಸಿದರು. ಟಿಪ್ಪಣಿಗಳನ್ನು ಮೇಲಿನಿಂದ ಕೆಳಕ್ಕೆ ಸಾಲಾಗಿ ತಿದ್ದಲು ಹೊರಡುವುದೇ ತಪ್ಪು. ಮೊದಲ ದಿನ ಸುಮ್ಮನೆ ಓದಿ, ಐದು ನಿಮಿಷದಲ್ಲಿ ಮುಗಿಯುವುದು, ಯೋಚನೆ ಅಥವಾ ಓದು ಬೇಡುವುದು, ತಾವು ಒಪ್ಪದೇ ಇರುವುದು ಎಂದು ಮೂರು ಬಣ್ಣ ಹಚ್ಚಲು ಹೇಳಿದೆ. ಹೆಚ್ಚಿನವು ಮೊದಲ ಬಣ್ಣದವೇ ಆಗಿದ್ದವು. ಒಪ್ಪದವು ಎರಡು, ಅವುಗಳಿಗೆ ಕಾರಣ ಬರೆದುಕೊಂಡು ಹೋಗಿ ಮಾತಾಡಿದರು, ಒಂದನ್ನು ಗೈಡ್ ಒಪ್ಪಿದರು. ಅಧ್ಯಾಯದ ಪೂರ್ಣ ಕರಡು ಆ ಸೆಮಿಸ್ಟರ್ ಮುಗಿಯುವ ಮುನ್ನ ಸಿದ್ಧವಾಯಿತು.

ಎಲ್ಲ ಗೈಡ್‌ಗಳೂ ಹೀಗಿರುವುದಿಲ್ಲ, ಅದು ಗೊತ್ತಿದ್ದೇ ಈ ಸಲಹೆ ಕೊಡುತ್ತೇನೆ. ಹತ್ತು ದಿನ ಉತ್ತರ ಬರದಿದ್ದರೆ ಅದೇ ಇಮೇಲ್‌ನ ಮೇಲೆ ಒಂದು ಸಾಲಿನ ನೆನಪೋಲೆ ಸಾಕು. ಹೊಸ ವಿವರಣೆ ಬೇಡ. ಆಗಲೂ ಬರದಿದ್ದರೆ ಖುದ್ದಾಗಿ ಹೋಗಿ ಸಮಯ ಕೇಳಿ. ಅದೂ ಆಗದಿದ್ದರೆ ಸಹ ಮಾರ್ಗದರ್ಶಕರನ್ನೋ ಸಂಶೋಧನಾ ಸಲಹಾ ಸಮಿತಿಯ ಸದಸ್ಯರನ್ನೋ ಕಾಣಿ. ಕೇಳಬೇಕಾದ ಪ್ರಶ್ನೆ ಕೈಯಲ್ಲಿದ್ದರೆ ಅದು ದೂರು ಎನಿಸುವುದಿಲ್ಲ. ಎದುರಿಗೆ ಕೂರಿಸಿ ಹೀಯಾಳಿಸುವ ಗೈಡ್ ಆಗಿದ್ದರೆ ವಿಷಯ ಬೇರೆ. ಅಲ್ಲಿ ಒಬ್ಬರೇ ಸಹಿಸಿಕೊಂಡು ಬರೆಯಿರಿ ಎಂದು ನಾನು ಹೇಳುವುದಿಲ್ಲ. ಆಡಿದ ಮಾತು, ತಾರೀಖು ಬರೆದಿಟ್ಟುಕೊಂಡು ವಿಭಾಗದ ಮುಖ್ಯಸ್ಥರ ಬಳಿ ಹೋಗುವಾಗ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಗೈಡ್ ಎಂಥವರೇ ಇರಲಿ, ಪ್ರತಿ ಭೇಟಿ ಮುಗಿದ ಸಂಜೆ ಏನು ತೀರ್ಮಾನವಾಯಿತು, ಮುಂದಿನದು ಯಾವ ತಾರೀಖಿಗೆ, ಎಷ್ಟು ಪುಟ ಎಂದು ಎರಡು ಸಾಲಿನ ಇಮೇಲ್ ಕಳಿಸಿಬಿಡಿ.