ನೂರಾನಿ ಯಾರ ಪರ ವಕೀಲರು?

ನಮಸ್ಕಾರ. ನಿಮ್ಮ ಪತ್ರ ತಲುಪಿತು. ಬೈಯುವುದಕ್ಕಾದರೂ ಲೇಖನವನ್ನು ಕೊನೆಯ ಸಾಲಿನವರೆಗೆ ಓದಿದ್ದೀರಿ, ಅದಕ್ಕೆ ಥ್ಯಾಂಕ್ಸ್.

ಉಳಿದ ಓದುಗರಿಗಾಗಿ ನಿಮ್ಮ ತಕರಾರನ್ನು ಚುಟುಕಾಗಿ ಹೇಳಿಬಿಡುತ್ತೇನೆ. ವಕೀಲ, ಅಂಕಣಕಾರ ಎ.ಜಿ. ನೂರಾನಿ ಅವರ ಬಗ್ಗೆ ಹೋದ ಸಂಚಿಕೆಯಲ್ಲಿ ನಾವು ಹಾಕಿದ ಲೇಖನ ನಿಮಗೆ ಸಿಟ್ಟು ತರಿಸಿದೆ. ನೀವು ಕಲಬುರಗಿ ಕಡೆಯವರು. ಹೈದರಾಬಾದ್ ನಿಜಾಮನ ಪರ ನಿಂತ ಖಾಸಗಿ ಪಡೆ ರಜಾಕಾರರ ಕಾಲದಲ್ಲಿ ನಿಮ್ಮ ಅಜ್ಜನ ಮನೆಯವರು ರಾತ್ರೋರಾತ್ರಿ ಊರು ಬಿಟ್ಟು ಸೊಲ್ಲಾಪುರದ ಕಡೆ ಓಡಿದ್ದರು. 1948ರಲ್ಲಿ ನಿಜಾಮ ಭಾರತದ ಸೈನ್ಯಕ್ಕೆ ಶರಣಾದ ಸೆಪ್ಟೆಂಬರ್ 17 ನಿಮ್ಮ ಮನೆಗೆ ಹಬ್ಬ. ಆ ದಿನ ಆದದ್ದನ್ನು ಹೈದರಾಬಾದಿನ ನಾಶ ಎಂದು ಬರೆದ ಮನುಷ್ಯನಿಗೆ ಇಷ್ಟು ಪುಟ ಯಾಕೆ ಎಂದು ಕೇಳಿದ್ದೀರಿ. ಜೊತೆಗೆ ಇನ್ನೊಂದು ಮಾತು: ವಕೀಲ ಯಾವತ್ತಿದ್ದರೂ ಕಕ್ಷಿದಾರನ ಪರ ಮಾತಾಡುವವನು, ಅಂಥವನು ರಾಜಕೀಯ ವಿಶ್ಲೇಷಕ ಹೇಗಾದಾನು?

ಎರಡನೆಯದಕ್ಕೆ ಮೊದಲು ಬರುತ್ತೇನೆ.

ನೂರಾನಿ ಹುಟ್ಟಿದ್ದು 1930ರ ಸೆಪ್ಟೆಂಬರ್ 16ರಂದು, ಬಾಂಬೆಯಲ್ಲಿ. ಅಲ್ಲಿನ ಗವರ್ನಮೆಂಟ್ ಲಾ ಕಾಲೇಜಿನಲ್ಲಿ ಓದಿದರು. ಬಾಂಬೆ ಹೈಕೋರ್ಟ್, ಸುಪ್ರೀಂ ಕೋರ್ಟ್ ಎರಡರಲ್ಲೂ ವಕಾಲತ್ತು ಮಾಡಿದರು. ಕಾಶ್ಮೀರದ ನಾಯಕ ಶೇಖ್ ಅಬ್ದುಲ್ಲಾ ವರ್ಷಗಟ್ಟಲೆ ಬಂಧನದಲ್ಲಿದ್ದಾಗ ಅವರ ಪರ ನಿಂತವರಲ್ಲಿ ಇವರೂ ಒಬ್ಬರು. 1964ರಲ್ಲೇ ಕಾಶ್ಮೀರದ ಬಗ್ಗೆ ಪುಸ್ತಕ ಬಂತು, 1973ರಲ್ಲಿ ಮಂತ್ರಿಗಳ ಅಕ್ರಮಗಳ ಬಗ್ಗೆ ಇನ್ನೊಂದು. ಆಮೇಲೆ ಪತ್ರಿಕೆಗಳ ಅಂಕಣವೇ ಅವರ ಕೋರ್ಟು. 'ಫ್ರಂಟ್‌ಲೈನ್'ನಲ್ಲಿ ದಶಕಗಳ ಕಾಲ ಬರೆದರು. ಕರಾಚಿಯ 'ಡಾನ್' ಪತ್ರಿಕೆಯಲ್ಲೂ ಬರೆದರು. ಇದಕ್ಕೆ ಸುಮ್ನೆ ಒಂದಿಷ್ಟು ಜನ ಅವರನ್ನು ದೇಶದ್ರೋಹಿ ಎಂದದ್ದೂ ಉಂಟು. 2024ರ ಆಗಸ್ಟ್ 29ರಂದು ಮುಂಬೈಯಲ್ಲೇ ತೀರಿಕೊಂಡರು. 94 ತುಂಬಲು ಕೆಲವೇ ದಿನ ಬಾಕಿ ಇತ್ತು.

ವಕೀಲ ಒಂದು ಪಕ್ಷ ಹಿಡಿಯುತ್ತಾನೆ, ನಿಜ. ಆದರೆ ಹಿಡಿದ ಪಕ್ಷಕ್ಕೆ ಕಾಗದ ತೋರಿಸಲೇಬೇಕು ಅನ್ನುವ ಅಭ್ಯಾಸವೂ ಅವನಿಗೆ ಇರುತ್ತದೆ. ರಾತ್ರಿ ಟಿವಿಯಲ್ಲಿ ಕೂತು ಕೂಗಾಡುವ ಎಷ್ಟೋ ವಿಶ್ಲೇಷಕರಿಗೆ ಇಲ್ಲದ್ದು ಈ ಅಭ್ಯಾಸವೇ, ಅಲ್ವಾ? ನೂರಾನಿ ಒಂದು ಮಾತು ಹೇಳಿದರೆ ಅದರ ಹಿಂದೆ ಪತ್ರ, ತೀರ್ಪು, ಸದನದ ನಡಾವಳಿ, ಹಳೆಯ ಪೇಪರಿನ ಕಟಿಂಗ್, ಏನಾದರೊಂದು ಇರುತ್ತಿತ್ತು. ಓದುಗ ಬೇಕಾದರೆ ಹೋಗಿ ನೋಡಿಕೊಳ್ಳಲಿ ಎಂದು ಅದನ್ನು ಇದ್ದ ಹಾಗೇ ಇಡುತ್ತಿದ್ದರು. ಕೆಲವು ಸಲ ಇದು ಅತಿಯಾಗುತ್ತಿತ್ತು. ಪುಟದ ಮುಕ್ಕಾಲು ಭಾಗ ಬೇರೆಯವರ ಮಾತು, ನಡುವೆ ಇವರದು ಎರಡು ಸಾಲು, ಆ ಎರಡು ಸಾಲಿನಲ್ಲೂ ಚಾಟಿ. ಸಂಪಾದಕನಾಗಿ ಹೇಳುತ್ತೇನೆ, ಅಂಥ ಲೇಖನ ನನ್ನ ಮೇಜಿಗೆ ಬಂದಿದ್ದರೆ ಕತ್ತರಿ ಹಿಡಿಯುತ್ತಿದ್ದೆ.

ಈಗ ಹೈದರಾಬಾದು. ನೀವು ವಕೀಲರನ್ನು ನಂಬಬೇಡಿ ಅನ್ನುತ್ತೀರಿ. ಆದರೆ ಆ ಕಥೆಯ ತುಂಬ ವಕೀಲರೇ ಇದ್ದಾರೆ ಸ್ವಾಮಿ. ರಜಾಕಾರರ ನಾಯಕ ಖಾಸಿಂ ರಜ್ವಿ ಲಾತೂರಿನ ವಕೀಲ. ನಿಜಾಮನಿಗೆ ಕಾನೂನು ಸಲಹೆ ಕೊಟ್ಟವರು ವಾಲ್ಟರ್ ಮಾಂಕ್ಟನ್, ಇಂಗ್ಲೆಂಡಿನ ದೊಡ್ಡ ವಕೀಲ. ಭಾರತ ಸರ್ಕಾರದ ಪ್ರತಿನಿಧಿಯಾಗಿ ಹೈದರಾಬಾದಿನಲ್ಲಿ ಕೂತಿದ್ದವರು ಕೆ.ಎಂ. ಮುನ್ಷಿ, ಅವರೂ ಬಾಂಬೆ ಹೈಕೋರ್ಟಿನವರು. ದೆಹಲಿಯಲ್ಲಿದ್ದ ಪಟೇಲ್, ನೆಹರೂ ಇಬ್ಬರೂ ಬ್ಯಾರಿಸ್ಟರುಗಳು. ಇಷ್ಟು ಜನ ವಕೀಲರು ಸೇರಿಯೂ ಮಾತುಕತೆಯಲ್ಲಿ ಮುಗಿಯದ ಜಗಳ 1948ರ ಸೆಪ್ಟೆಂಬರ್ 13ರಂದು ಸೈನ್ಯದ ಕೈಗೆ ಹೋಯಿತು. ಐದು ದಿನದಲ್ಲಿ ಮುಗಿಯಿತು.

ಮುಗಿದ ಮೇಲೆ ಏನಾಯಿತು ಅನ್ನುವುದೇ ನೂರಾನಿ ಎತ್ತಿದ ಪ್ರಶ್ನೆ. ಆ ವರ್ಷದ ಕೊನೆಗೆ ನೆಹರೂ ಸರ್ಕಾರವೇ ಪಂಡಿತ್ ಸುಂದರಲಾಲ್ ನೇತೃತ್ವದಲ್ಲಿ ಒಂದು ತಂಡವನ್ನು ಅಲ್ಲಿಗೆ ಕಳಿಸಿತ್ತು. ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ತಂಡ ಓಡಾಡಿತು. ಪೊಲೀಸ್ ಕಾರ್ಯಾಚರಣೆ ಎಂದು ಕರೆದ ಆ ಸೈನಿಕ ದಾಳಿಯ ವೇಳೆ ಮತ್ತು ನಂತರ ಕಡಿಮೆ ಎಂದರೂ 27,000ದಿಂದ 40,000 ಜನ ಸತ್ತಿರಬಹುದು ಎಂದು ಅಂದಾಜು ಮಾಡಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ತೀರಾ ಕೆಟ್ಟ ಸ್ಥಿತಿ ಇದ್ದದ್ದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ. ಎರಡು ನಮ್ಮವೇ. ಸರ್ಕಾರ ಆ ವರದಿಯನ್ನು ಹೊರಗೆ ಬಿಡಲಿಲ್ಲ. ಅದರ ಬಗ್ಗೆ ಕೇಳಿದ್ದವರು ಇದ್ದರು, ಕೈಯಲ್ಲಿ ಹಿಡಿದು ಓದಿದವರು ಕಡಿಮೆ. ನೂರಾನಿ 2001ರಲ್ಲಿ ಅದರ ಭಾಗಗಳನ್ನು 'ಫ್ರಂಟ್‌ಲೈನ್'ನಲ್ಲಿ ಅಚ್ಚು ಹಾಕಿಸಿದರು. 2013ರಲ್ಲಿ ಬಂದ ತಮ್ಮ ಹೈದರಾಬಾದ್ ಪುಸ್ತಕದ ಕೊನೆಗೆ ವರದಿಯನ್ನೇ ಸೇರಿಸಿದರು.

ಆ ವರದಿಯಲ್ಲಿ ಒಂದು ಮಾತಿದೆ. ಕೆಲವು ಕಡೆ ಹಿಂದೂ ನೇಕಾರರು ತಮ್ಮ ಜೊತೆ ಮಗ್ಗದ ಕೆಲಸ ಮಾಡುತ್ತಿದ್ದ ಮುಸ್ಲಿಂ ನೇಕಾರರ ಪರವಾಗಿ ಅಡ್ಡ ನಿಂತರಂತೆ. ಹಾಗೆ ನಿಂತವರಲ್ಲಿ ಕೆಲವರು ಜೀವವನ್ನೂ ಕೊಟ್ಟರಂತೆ. ನಮ್ಮ ಊರುಗಳಲ್ಲಿ ಹೀಗೂ ನಡೆದಿತ್ತು ಅನ್ನುವುದು ನಮಗೆ ಗೊತ್ತಾಗುವುದು ಬೇಡವೇ? ವರದಿಯನ್ನು ಮುಚ್ಚಿಟ್ಟಾಗ ಕೊಲೆಗಳ ಲೆಕ್ಕದ ಜೊತೆ ಈ ನೇಕಾರರೂ ಮುಚ್ಚಿಹೋದರು.

ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ ಅನ್ನುವುದನ್ನೂ ಹೇಳಬೇಕು. ನೂರಾನಿ ರಜ್ವಿಯನ್ನು ಬಿಟ್ಟಿಲ್ಲ, ನಿಜಾಮನ ಮೂರ್ಖತನವನ್ನೂ ಬಿಟ್ಟಿಲ್ಲ. ಆದರೆ ದೆಹಲಿ, ಹೈದರಾಬಾದುಗಳ ನಡುವೆ ಓಡಾಡಿದ ಕಾಗದಪತ್ರಕ್ಕೆ ಸಿಕ್ಕಷ್ಟು ಜಾಗ ರಜಾಕಾರರ ಕೈಗೆ ಸಿಕ್ಕ ಬೀದರ್ ಜಿಲ್ಲೆಯ ಗೋರ್ಟಾದಂಥ ಹಳ್ಳಿಗೆ ಆ ಪುಸ್ತಕದಲ್ಲಿ ಸಿಗುವುದಿಲ್ಲ. ದಾಖಲೆ ನಂಬಿ ಬರೆಯುವವರ ಕಷ್ಟವೇ ಇದು. ರಾತ್ರಿ ಊರು ಬಿಟ್ಟವರು ಕಡತ ಮಾಡಿಡುವುದಿಲ್ಲ. ಪಟೇಲರ ವಿಷಯದಲ್ಲಂತೂ ನೂರಾನಿ ಕೈ ಸ್ವಲ್ಪ ಜಾಸ್ತಿಯೇ ಬಿಗಿ. ವಾದ ಶುರುವಾಗುವ ಮೊದಲೇ ತೀರ್ಪು ಬರೆದಿಟ್ಟ ಹಾಗೆ ಕೆಲವು ಪುಟಗಳು ಓದಿಸಿಕೊಳ್ಳುತ್ತವೆ.

ಹಾಗಂತ ಅವರು ಒಂದು ಸಮುದಾಯದ ವಕೀಲರು ಎಂಬ ನಿಮ್ಮ ಮಾತನ್ನು ಒಪ್ಪಲಾರೆ. 1996ರಲ್ಲಿ ಅವರು ಭಗತ್ ಸಿಂಗ್ ವಿಚಾರಣೆಯ ಬಗ್ಗೆ ಒಂದು ಪುಸ್ತಕ ಬರೆದರು. ಭಗತ್ ಸಿಂಗ್ ಎಂದರೆ ನಮಗೆ ಹ್ಯಾಟು, ಮೀಸೆ, ಹಗ್ಗ. ಆ ಹಗ್ಗದವರೆಗೆ ಕೋರ್ಟು ಹೇಗೆ ಕರೆದುಕೊಂಡು ಹೋಯಿತು ಅನ್ನುವುದನ್ನು ಒಬ್ಬ ಲಾಯರ್ ಕೂತು ಬಿಚ್ಚಿಟ್ಟ ಪುಸ್ತಕ ಅದು. 1930ರ ಮೇ 1ರಂದು ವೈಸರಾಯ್ ಇರ್ವಿನ್ ಈ ಕೇಸಿಗೆಂದೇ ಒಂದು ಸುಗ್ರೀವಾಜ್ಞೆ ತಂದರು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ, ಅದರ ತೀರ್ಪಿನ ಮೇಲೆ ಹೈಕೋರ್ಟಿಗೆ ಅಪೀಲು ಇಲ್ಲ. ಮೇ 12ರಂದು ಕೋರ್ಟಿನ ಒಳಗೇ ಪೊಲೀಸರು ಆರೋಪಿಗಳನ್ನು ಹೊಡೆದರು. ಬೇಡಿ ಹಾಕಿ ಹೊರಗೆ ಕಳಿಸಿ ಎಂದು ಆದೇಶ ಮಾಡಿದ್ದು ಪೀಠದ ಅಧ್ಯಕ್ಷ ಕೋಲ್ಡ್‌ಸ್ಟ್ರೀಮ್. ಅದೇ ಪೀಠದಲ್ಲಿದ್ದ ಆಗಾ ಹೈದರ್, ಈ ಆದೇಶಕ್ಕೂ ತನಗೂ ಸಂಬಂಧ ಇಲ್ಲ ಎಂದು ಬರೆದಿಟ್ಟರು. ಮುಂದಿನ ತಿಂಗಳು ಪೀಠವನ್ನೇ ಬದಲಿಸಿದರು. ಆಗಾ ಹೈದರ್ ಹೊಸ ಪೀಠದಲ್ಲಿ ಇರಲಿಲ್ಲ! ಸುಗ್ರೀವಾಜ್ಞೆಯ ಆಯುಷ್ಯ ಆರು ತಿಂಗಳು. ಅದು ಮುಗಿಯುವುದರೊಳಗೆ, ಆರೋಪಿಗಳು ಕೋರ್ಟಿಗೆ ಬಾರದೆಯೂ ಕೇಸು ನಡೆಸಿ, ಅಕ್ಟೋಬರ್ 7ಕ್ಕೆ ಗಲ್ಲು ಶಿಕ್ಷೆ ಕೊಟ್ಟರು.

ಈ ಕಥೆಯನ್ನು ಭಾವುಕವಾಗಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಪೀಠ ಬದಲಾದ ದಿನ ಯಾವುದು, ಅಪೀಲು ಕಿತ್ತುಕೊಂಡದ್ದು ಹೇಗೆ ಎಂದು ನೋಡಲು ವಕೀಲನ ಕಣ್ಣೇ ಬೇಕು. ನಮ್ಮ ರಾಜ್ಯದ ಉದಾಹರಣೆ ತಗೊಳ್ಳಿ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಸದನದಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ ಮನೆಗೆ ಕಳಿಸಿದರು. ಅದು ತಪ್ಪು ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 1994 ಬಂದಿತ್ತು. ರಾಜ್ಯಪಾಲರ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಎಂದು ತೀರ್ಪಿಗೆ ಕಾಯದೆ ಜನರಿಗೆ ತಿಳಿಸಿ ಹೇಳುವವರು ಪತ್ರಿಕೆಗಳಿಗೆ ಬೇಕು. ರಾಷ್ಟ್ರಪತಿ, ಸಂಸತ್ತು, ರಾಜ್ಯಗಳು ಎಂದು ನೂರಾನಿ ಜೀವಮಾನವಿಡೀ ಬರೆದದ್ದು ಇಂಥವನ್ನೇ.

2025ರ ಆಗಸ್ಟ್‌ನಲ್ಲಿ ಜಮ್ಮು ಮತ್ತು ಕಾಶ್ಮೀರ ಆಡಳಿತ 25 ಪುಸ್ತಕಗಳನ್ನು ನಿಷೇಧಿಸಿತು. ಅದರಲ್ಲಿ ಕಾಶ್ಮೀರ ವಿವಾದದ ಬಗ್ಗೆ ನೂರಾನಿ ಬರೆದ ಪುಸ್ತಕವೂ ಇದೆ. ಇದು ಒಳ್ಳೆಯದಾಯಿತು ಎಂದು ನೀವು ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ದಾಖಲೆ ಇಟ್ಟು ವಾದ ಮಾಡಿದವರಿಗೆ ದಾಖಲೆ ಇಟ್ಟೇ ಉತ್ತರ ಕೊಡಬೇಕು. ಕೋರ್ಟಿನಲ್ಲಿ ಎದುರಿಗೆ ಇನ್ನೊಬ್ಬ ವಕೀಲ ಇರುತ್ತಾನೆ, ಅಂಕಣಕ್ಕೆ ಇರುವುದಿಲ್ಲ. ಆ ಜಾಗ ನಿಮ್ಮಂಥ ಓದುಗರದು. ಅದಕ್ಕೇ ನಿಮ್ಮ ಪತ್ರದಲ್ಲಿ ಬೈಗುಳ ತೆಗೆದು ಉಳಿದದ್ದನ್ನು ಈ ಸಂಚಿಕೆಯಲ್ಲೇ ಹಾಕಿದ್ದೇವೆ.

ಕೊನೆಗೆ, ಇಷ್ಟೆಲ್ಲ ಬೈದು ಆದ ಮೇಲೆ, ಅವರದ್ದು ಓದಲೇಬೇಕಾದರೆ ಯಾವುದನ್ನು ಓದಲಿ ಎಂದು ಸಣ್ಣ ಅಕ್ಷರದಲ್ಲಿ ಕೇಳಿದ್ದೀರಿ. ಭಗತ್ ಸಿಂಗ್ ಪುಸ್ತಕದಿಂದ ಶುರು ಮಾಡಿ. ಹೈದರಾಬಾದ್ ಪುಸ್ತಕ ಕೈಗೆತ್ತಿಕೊಂಡರೆ ಹಿಂದಿನಿಂದ ಓದಿ. ಮೊದಲು ಸುಂದರಲಾಲ್ ವರದಿ, ಆಮೇಲೆ ನೂರಾನಿ.